ತಂಪಿನ ವರ್ಷದಲ್ಲಿ ರಂಪಣಿ ಬಲೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮೂರು ಮಂಕಿಯ ಕಡಲ ದಡದಲ್ಲಿ ‘ಭೂಮಿ ಬಿಸಿಯಾಗುತ್ತಿದೆ’ ಎಂಬ ಕರಪತ್ರ ಹಂಚುತ್ತಿದ್ದೆ. ಹಂಚುವವಳೇ ಸ್ವೆಟರ್ ಹಾಕಿಕೊಂಡಿದ್ದೆ, ಅಷ್ಟು ಚಳಿ.

ನಮ್ಮ ಕೇರಿಯ ಹಳೆಯ ಮೀನುಗಾರ ಜಟ್ಟಜ್ಜ ಮರಳ ಮೇಲೆ ರಂಪಣಿ ಬಲೆ ಹರವಿ ಹೊಲಿಯುತ್ತಿದ್ದ. ಆ ಬಲೆಯನ್ನು ಊರಿಗೆ ಊರೇ ದಡದಿಂದ ಎಳೆಯಬೇಕು, ಹಗ್ಗ ಹಿಡಿದವರಿಗೆಲ್ಲ ಬಂಗಡೆ ಮೀನಿನಲ್ಲಿ ಪಾಲು. ಚಿಕ್ಕವಳಿದ್ದಾಗ ನನ್ನ ಪುಟ್ಟ ಕೈಗೂ ಒಮ್ಮೆ ಒಂದು ಬಂಗಡೆ ಸಿಕ್ಕಿತ್ತು. ಆಮೇಲೆ ಟ್ರಾಲರ್ ದೋಣಿಗಳು ಬಂದು ಮೀನೆಲ್ಲ ಬಾಚಿದವು, ಬಲೆ ಅಟ್ಟ ಸೇರಿತು.

“ಎಂತಾ ತಂಗಿ, ನಿನ್ನ ಬಿಸಿ ಎಲ್ಲಿ ಹೋತು? ಸಮುದ್ರ ತಂಪಾತು. ಬಂಗಡೆನೂ ದಡಕ್ಕೆ ಬತ್ತದೆ ನೋಡು.”

ನಾನು ಬಿಡಲಿಲ್ಲ. “ಇದು ಲಾ ನಿನಾ, ಅಜ್ಜ. ದೂರದ ಪೆಸಿಫಿಕ್ ಸಾಗರ ಅಡಿಯ ತಣ್ಣೀರು ಮೇಲೆ ತಂದಿದೆ, ಅದಕ್ಕೇ ಜಗತ್ತಿಗೆ ಸ್ವಲ್ಪ ತಂಪು. ತೊಂಬತ್ತೆಂಟರ ಸೆಕೆ, ಅದೇ ಸಾಗರ ಬಿಸಿಯೇರುವ ಎಲ್ ನಿನೊದ್ದು. ಅದು ಮತ್ತೆ ಬರುತ್ತದೆ. ಹೊಗೆಯಿಂದ ಏರಿದ ಬಿಸಿ ಎಲ್ಲಿಗೂ ಹೋಗಿಲ್ಲ.”

ಅಜ್ಜ ದಾರ ಕಚ್ಚಿ ಹರಿದ. “ಅಂದ್ರೆ ಇದು ಸಮುದ್ರದ ಇಳಿತ ಇದ್ದಂಗೆ. ಭರತ ಮತ್ತೆ ಬತ್ತದೆ, ಮೊದಲಿಗಿಂತ ಮೇಲೆ.”

ನನ್ನ ಕರಪತ್ರ ನಾಲ್ಕು ಪುಟದಲ್ಲಿ ಹೇಳಿದ್ದು ಅಷ್ಟೇ.

“ಆತು,” ಅಂದ. “ಇಳಿತ ಇದ್ದಾಗಲೇ ಒಂದ್ಸಲ ಬಲೆ ಬಿಡುವ. ಆ ತುದಿ ಹಿಡಿ.”

ಟ್ರಾಲರ್‌ಗಳು ಬಾಚಿದ್ದನ್ನು ಯಾವ ತಂಪೂ ತಂದುಕೊಡುವುದಿಲ್ಲ ಎಂದು ಹೇಳಬೇಕಿತ್ತು. ಬಲೆಯ ತುದಿ ಹಿಡಿದೆ.

ನಾಳೆ ಬಲೆ ಬಿಡುವುದಂತೆ. ಎಳೆಯಲು ಊರೇ ಬೇಕು, ಸದ್ಯ ಇಬ್ಬರಿದ್ದೇವೆ. ಅದರಲ್ಲಿ ಒಬ್ಬಳಿಗೆ ಮೀನು ಬರುವುದಿಲ್ಲವೆಂದು ಗೊತ್ತು. ಅವಳೂ ಬುಟ್ಟಿ ತೊಳೆದಿಟ್ಟಿದ್ದಾಳೆ.