ಒಂದು ಬ್ಲೇಡಿನಷ್ಟು ಸಂದು

ಚಿಗವ್ವನ ಎಲೆಯಡಿಕೆಯ ಚಂಚಿಯಲ್ಲಿ ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು ಇರುತ್ತಿತ್ತು. ಗಡ್ಡ ಹೆರೆಯುವ ಬ್ಲೇಡು. ಅದು ಮೋಟರ್ ಸೈಕಲ್ಲಿನ ಟ್ಯಾಪೆಟ್ ಸಂದು ಅಳೆಯಲು. ಅವಳ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಎಣ್ಣೆಯ ಕಪ್ಪು ಗೆರೆ ಯಾವಾಗಲೂ ಕೂತಿರುತ್ತಿತ್ತು. ಬಂದವರಿಗೆ ನೀರು ಕೊಡುವಾಗ ಆ ಬೆರಳನ್ನು ತಂಬಿಗೆಯ ಹಿಂದೆ ಮರೆಮಾಡುತ್ತಿದ್ದಳು. ಮರೆಮಾಡುತ್ತಿದ್ದಳೋ, ನಾನೇ ಆಮೇಲೆ ಹಾಗೆ ಕಟ್ಟಿಕೊಂಡೆನೋ ಹೇಳಲಾರೆ. ಗೆರೆ ಮಾತ್ರ ನಿಜ.

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ನೌಕರಿಯ ಕಾಗದಕ್ಕೆ ಕಾಯುತ್ತ ನಾನು ಅಣ್ಣಿಗೇರಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿ ಆರು ವರ್ಷದಿಂದ ಪಡಸಾಲೆಯ ಹೊರಸಿನ ಮೇಲಿದ್ದ. ಅವನನ್ನು ಎತ್ತಿ ಕೂಡಿಸಲು ಗಂಡಾಳು ಬೇಕಿತ್ತು. ನಾನು ಖಾಲಿ ಇದ್ದೆ. ಚಿಗವ್ವ ಅವನ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ.

ಅಂಗಳದಲ್ಲಿ ಕಾಕಾನ ಗಾಡಿ ನಿಂತಿತ್ತು. ಗೋವಾದಲ್ಲಿ ಇನ್ನೂ ಪೋರ್ತುಗೀಜರಿದ್ದಾಗ ಹಡಗಿನಲ್ಲಿ ಬಂದಿಳಿದ ಜಪಾನಿ ಮೋಟರ್ ಸೈಕಲ್ಲು. ಹರೆಯದಲ್ಲಿ ಅಲ್ಲಿಂದ ಕೊಂಡು ತಂದಿದ್ದನಂತೆ. ಒಂದು ದಿನ ಎದ್ದು ಮತ್ತೆ ಅದನ್ನು ಹತ್ತುತ್ತೇನೆಂಬ ಹಟ ಅವನದು. ಊರಿನ ಮಿಸ್ತ್ರಿಗಳ ಕೈಯನ್ನು ನಂಬುತ್ತಿರಲಿಲ್ಲ. ಹೊರಸಿನ ಮೇಲಿಂದ ಅವನು ಹೇಳುತ್ತಿದ್ದ, ಚಿಗವ್ವ ಮಾಡುತ್ತಿದ್ದಳು. ತಿಂಗಳಿಗೊಮ್ಮೆ ಎಲ್ಲ ಹೊಂದಿಸಿ, ಸ್ಟ್ಯಾಂಡಿನ ಮೇಲೆಯೇ ಚಾಲೂ ಮಾಡಿ ಗೇರಿಗೆ ಹಾಕಿದರೆ ಹಿಂದಿನ ಗಾಲಿ ಗಿರ್ರನೆ ತಿರುಗುತ್ತಿತ್ತು, ಗಾಡಿ ಅಲ್ಲೇ ಇರುತ್ತಿತ್ತು. ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದ. ಚಿಗವ್ವ ತಲೆಬಾಗಿಲ ಕಡೆ ನೋಡುತ್ತಿದ್ದಳು. ಆರು ವರ್ಷದಲ್ಲಿ ಆಕೆ ಆ ಬಾಗಿಲು ದಾಟಿದ್ದು ಹೆಚ್ಚೆಂದರೆ ಗಿರಣಿಗೆ, ಮಠಕ್ಕೆ. ಸ್ವಲ್ಪ ತಡವಾದರೆ ಕಾಕಾ ಎಡಗೈಯಿಂದ ಹೊರಸಿನ ಕಾಲಿಗೆ ಕೋಲು ಬಡಿಯುತ್ತಿದ್ದ. ಓಣಿಯ ತುದಿಯವರೆಗೆ ಕೇಳುತ್ತಿತ್ತು.

ನನಗೂ ಆ ಕೆಲಸ ಕಲಿಸಿದಳು. ಮೊದಲು ಚೈನು, ಆಮೇಲೆ ವಾಲ್ವನ್ನು ಒತ್ತುವ ಟ್ಯಾಪೆಟ್ಟು. ಎಂಜಿನ್ನಿನೊಳಗೆ ವಾಲ್ವುಗಳನ್ನು ಆಡಿಸುವ ಸಣ್ಣ ಚೈನೊಂದಿದೆ. ಸಡಿಲಾದರೆ ಗರಗರ ಎನ್ನುತ್ತದೆ. ನಾನು ಬೋಲ್ಟಿಗೆ ಪಾನಾ ಹಾಕಿ ಜೋರು ಮಾಡಹೋದರೆ ಕೈಮೇಲೆ ಒಂದು ಬಿಟ್ಟಳು.

"ಬಿಗಿ ಮಾಡಬ್ಯಾಡೋ ತಮ್ಮಾ. ಮದಲ ಸಡ್ಲ ಬಿಡು. ಒಳಗಿನ ಸ್ಪ್ರಿಂಗ್ ಎಷ್ಟ ಬೇಕೋ ಅಷ್ಟ ತಾನ ಹಿಡೀತೈತಿ. ಎಂ.ಎ. ಓದಿದಾವ್ಗ ಬಿಡೂದು ಗೊತ್ತಿಲ್ಲೇನ?"

ಟ್ಯಾಪೆಟ್ಟಿಗೆ ಮುಂಚೆ ಎಂಜಿನ್ನಿನ ಗಾಲಿಯನ್ನು ಕೈಯಿಂದ ತಿರುಗಿಸಿ ಗುರುತಿನ ಗೆರೆ ಕೂಡಿಸಬೇಕು. "ಗೆರಿಗೆ ಗೆರಿ ಎರಡ ಸಲ ಕೂಡತೈತಿ. ಒಂದ ಸುಳ್ಳ, ಒಂದ ಖರೆ. ಎರಡೂ ವಾಲ್ವ ಮುಚ್ಚಿದ್ದು ಖರೆ. ಅಳ್ಳಾಡಿಸಿ ನೋಡ, ಗೊತ್ತಾಗತೈತಿ." ಆಮೇಲೆ ಚಂಚಿಯಿಂದ ಅರ್ಧ ಬ್ಲೇಡು ತೆಗೆದು ಟ್ಯಾಪೆಟ್ಟು, ವಾಲ್ವುಗಳ ನಡುವಿನ ಸಂದಿನಲ್ಲಿ ತೂರಿಸುತ್ತಿದ್ದಳು. ಅದು ತಡೆತಡೆದು ಹೋಗಬೇಕು, ಆದರೆ ಹೋಗಬೇಕು. "ಎಂಜಿನ್ ಕಾದ್ರ ವಾಲ್ವ ಉದ್ದ ಆಗತೈತಿ, ಅದಕ್ಕ ಜಾಗಾ ಬೇಕು. ಸಣ್ಣಗ ಟಿಕ್ ಟಿಕ್ ಅಂತಂದ್ರ ಆರಾಮ ಐತಿ. ಸಪ್ಪಳನ ಇಲ್ಲಂದ್ರ ಉಸಿರ ಕಟ್ಟೇತಿ ಅಂತ ತಿಳಿ."

ಇದನ್ನೆಲ್ಲ ಅವಳಿಗೆ ಕಲಿಸಿದವನು ಕಾಕಾನೇ. ಆದರೆ ಮಲಗಿದ ಮೇಲೆ ಅವನಿಗೆ ಆ ಟಿಕ್ ಟಿಕ್ ಸಹಿಸಲಾಗುತ್ತಿರಲಿಲ್ಲ.

"ಲೇ, ಇನ್ನೂ ಸಪ್ಪಳ ಐತಿ."

"ಸಪ್ಪಳ ಇಲ್ಲದ್ದು ಬೇಕಂದ್ರ ನನ್ನ ನೋಡ್ಕೋಂತ ಕುಂದರ್ರಿ."

ಕಾಕಾ ನಗುತ್ತಿದ್ದ, ಮುಖದ ಅರ್ಧದಲ್ಲಿ.

ಒಂದು ಮಧ್ಯಾಹ್ನ ಬಮ್ಮಿಗಟ್ಟಿಯಿಂದ, ಅವಳ ತವರಿನಿಂದ, ಸುದ್ದಿ ಬಂತು: ಅವ್ವನಿಗೆ ಭಾಳ ಜಡ್ಡು, ನಿನ್ನನ್ನೇ ಕೇಳುತ್ತಿದ್ದಾಳೆ. ಬಸ್ಸು ಬದಲಿಸಿ ಬದಲಿಸಿ ಹೋದರೆ ಅಂದೇ ತಿರುಗಿ ಬರಲಾಗುವುದಿಲ್ಲ. ರಾತ್ರಿ ಅವಳಿಲ್ಲದೆ ಇರಲು ಕಾಕಾ ಒಪ್ಪಲಿಲ್ಲ. ಗಾಡಿಯ ಮೇಲೆ ನಾನು ಕರೆದೊಯ್ದು ದೀಪ ಹಚ್ಚುವುದರೊಳಗೆ ಕರೆತರುತ್ತೇನೆಂದೆ. "ಗಾಡಿ ಸರಿ ಇದ್ರ ಹೋಗ್ರಿ," ಎಂದ. ಚಿಗವ್ವ ಆ ಸಂಜೆಯೇ ಎಲ್ಲ ಹೊಂದಿಸಿದಳು. ಬೆಳಗ್ಗೆ ಚಾಲೂ ಮಾಡಿದೆ. ಟಿಕ್ ಟಿಕ್.

"ಸಪ್ಪಳ ಐತಿ. ದಾರ್ಯಾಗ ಕೈ ಕೊಡತೈತಿ. ಇವತ್ತ ಬ್ಯಾಡ."

"ಅಷ್ಟ ಇರಬೇಕ್ರಿ ಅದು."

"ಬ್ಯಾಡ ಅಂದೆ."

ಚಿಗವ್ವ ಒಳಗೆ ಹೋದಳು. ಅಳಲಿಲ್ಲ, ರೊಟ್ಟಿ ಕಟ್ಟಿದ ಗಂಟನ್ನು ಬಿಚ್ಚುತ್ತಿದ್ದಳು. ಅದನ್ನು ನೋಡಿ ನನಗೆ ರೇಗಿತು. ಗಾಡಿ ಬಂದ್ ಮಾಡಿ, ಮುಚ್ಚಳ ತೆಗೆದು, ಬ್ಲೇಡಿಲ್ಲದೆ ಎರಡೂ ಟ್ಯಾಪೆಟ್ಟುಗಳನ್ನು ಬಿಗಿ ಮಾಡಿದೆ. ಮತ್ತೆ ಚಾಲೂ ಮಾಡಿದರೆ ಸಪ್ಪಳವೇ ಇಲ್ಲ. ಕಾಕಾ ಬಹಳ ಹೊತ್ತು ಕೇಳಿ, "ಹಾಂ, ಈಗ ಆತು. ಹೋಗ್ರಿ," ಎಂದ. ಚಿಗವ್ವ ಅವಸರದಲ್ಲಿ ಬಂದು ಹಿಂದೆ ಕೂತಳು. ಏನು ಮಾಡಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹುಬ್ಬಳ್ಳಿ ದಾಟಿ ಕಲಘಟಗಿ ರಸ್ತೆಯ ಏರಿನಲ್ಲಿ ಗಾಡಿ ದಮ್ಮು ಕಳೆದುಕೊಂಡು ನಿಂತಿತು. ಕಿಕ್ ಹೊಡೆದರೆ ಕಾಲಿಗೆ ಎದುರೇ ಇಲ್ಲ, ಗಾಳಿಗೆ ಒದ್ದಂತೆ. ಬಾಜೂದ ಹೊಂಡದ ನೀರು ತಂದು ಸುರಿಯಲು ಹೊರಟೆ.

"ಸುಡು ಎಂಜಿನ್ನಿಗೆ ನೀರು ಹಾಕ್ತೀಯೇನ? ಸೀಳತೈತಿ. ಆರೂ ತನಕ ಕೂಡು."

ಒಂದು ಬಸ್ಸು ಬಂತು. ಇಬ್ಬರೂ ಕೈ ಮಾಡಿದೆವು. ಬಾಗಿಲವರೆಗೆ ತುಂಬಿತ್ತು, ನಿಲ್ಲಲಿಲ್ಲ. ಬೇವಿನ ಗಿಡದ ಬುಡದಲ್ಲಿ ಕೂತೆವು. ಎರಡು ತಾಸೋ ಮೂರು ತಾಸೋ. ಆಗಾಗ ಎದ್ದು ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿ ಬಂದು ಕೂಡುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ನೋಡಿದಂತೆ. ಕೊನೆಗೆ ಮುಚ್ಚಳ ತೆಗೆದು ಬ್ಲೇಡು ತೂರಿಸಿದಳು. ಹೋಗಲಿಲ್ಲ. ನನ್ನನ್ನು ನೋಡಿದಳು.

"ಜಾಗಾನ ಇಟ್ಟಿಲ್ಲಲ್ಲೋ ತಮ್ಮಾ."

ಅಷ್ಟೇ. ಹೊಂದಿಸಿದಳು, ಟಿಕ್ ಟಿಕ್ ಎನ್ನುತ್ತ ಗಾಡಿ ಓಡಿತು.

ಬಮ್ಮಿಗಟ್ಟಿಯ ಮನೆಯ ಹೊಸ್ತಿಲಿನಿಂದಲೇ ಕಂಡಿತು: ಅವಳ ಅವ್ವನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ ಹೂವು ಏರಿಸಿದ್ದರು. ನಡು ಮಧ್ಯಾಹ್ನ ಜೀವ ಹೋಗುವವರೆಗೂ ಬಾಗಿಲ ಕಡೆ ನೋಡುತ್ತಿದ್ದಳೆಂದು ಯಾರೋ ಹೇಳಿದರು.

ಮಣ್ಣು ಕೊಟ್ಟವಳು ಅಂದೇ ತಿರುಗಿ ಹೊರಟಳು. ನಾವು ಬಂದಾಗ ಕೋಲಿನ ಸಪ್ಪಳ ಓಣಿಗೆ ಕೇಳುತ್ತಿತ್ತು. ಎಲ್ಲ ಕೇಳಿ ತಿಳಿದ ಮೇಲೆ ಕಾಕಾ ಕೋಲು ಕೆಳಗಿಟ್ಟ. ಆಮೇಲೆ, "ಟ್ಯಾಪೆಟ್ ಬಿಗಿ ಮಾಡಿದವ್ರು ಯಾರು?" ಎಂದ.

"ನಾನರೀ," ಎಂದಳು ಚಿಗವ್ವ.

"ಇಷ್ಟ ವರ್ಷ ಮಾಡಿ ತಿಳೀಲಿಲ್ಲೇನ ನಿನಗ?"

"ಇಲ್ಲರೀ."

ನಾನು ಅಲ್ಲೇ, ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ಅಷ್ಟೇ ಅಲ್ಲ, ಅಂದಿನ ನನ್ನ ದಿನಚರಿಯಲ್ಲಿ ಹೀಗಿದೆ: "ದಾರಿಯಲ್ಲಿ ಗಾಡಿ ಕೆಟ್ಟಿತು. ಚಿಗವ್ವ ಟ್ಯಾಪೆಟ್ ಬಿಗಿ ಮಾಡಿಬಿಟ್ಟಿದ್ದಳು." ನನ್ನದೇ ಅಕ್ಷರ. ವರ್ಷಗಳ ಮೇಲೆ ಅದನ್ನು ಓದಿ ಒಮ್ಮೆ ನಂಬಿಯೂ ಬಿಟ್ಟೆ. ಗೆರೆ ಎರಡು ಸಲ ಕೂಡುತ್ತದೆ, ಒಂದು ಸುಳ್ಳು ಎಂದಿದ್ದಳಲ್ಲ. ಆದರೆ ಪಾನಾ ತಿರುಗಿಸಿದ್ದು ಬೆರಳಿಗೆ ನೆನಪಿದೆ, ಬಿಚ್ಚಿದ ರೊಟ್ಟಿಯ ಗಂಟು ಕಣ್ಣಿಗೆ.

ಆ ವರ್ಷವೇ ನೌಕರಿಯ ಕಾಗದ ಬಂತು. ನಾನು ಹೊರಬಿದ್ದೆ. ಆಕೆ ಇನ್ನೂ ಐದು ವರ್ಷ ಅಲ್ಲೇ ಇದ್ದಳು. ಎರಡು ದಿನದ ಜ್ವರದಲ್ಲಿ ಕಾಕಾನಿಗಿಂತ ಮೊದಲು ಹೋದಳು. ನಾನು ಊರು ಮುಟ್ಟಿದಾಗ ಅವಳನ್ನೂ ಗೋಡೆಗೆ ಆನಿಸಿ ಕೂಡಿಸಿದ್ದರು. ಹೆಬ್ಬೆರಳು ನೋಡಿದೆ. ಗೆರೆ ಇತ್ತು.

ಮಣ್ಣು ಮುಗಿಸಿ ಬಂದ ಮೇಲೆ ಕಾಕಾ, "ಗಾಡಿ ಚಾಲೂ ಮಾಡು," ಎಂದ. ಮಾಡಿದೆ. ಟಿಕ್ ಟಿಕ್ ಎಂದಿತು. ಅವನು ಕಣ್ಣು ಮುಚ್ಚಿದ. ನಾನು ಪಾನಾ ಹುಡುಕಿದೆ, ಅಭ್ಯಾಸ.

"ಮುಟ್ಟಬ್ಯಾಡ," ಎಂದ. "ಆಕಿ ಬಿಟ್ಟಷ್ಟ ಇರ್ಲಿ."

ಆಗಲಾದರೂ ಹೇಳಬೇಕಿತ್ತು. ಎಂಜಿನ್ ಬಂದ್ ಮಾಡಿದ ಮೇಲೆ ಹೇಳೋಣವೆಂದುಕೊಂಡೆ; ಬಂದ್ ಮಾಡಿದ ಮೇಲೆ ಮನೆಯಲ್ಲಿ ಅಷ್ಟು ನಿಶ್ಶಬ್ದವಾಯಿತು, ಆಗಲಿಲ್ಲ. ಈಗ ಕಾಕಾನೂ ಇಲ್ಲ. ಹಳೆಯ ದಿನಚರಿಯ ಆ ಸಾಲನ್ನು ಹೊಡೆದುಹಾಕಿಲ್ಲ. ಕೆಳಗೆ ಇಷ್ಟು ಬರೆದಿದ್ದೇನೆ: ಬಿಗಿ ಮಾಡಿದವನು ನಾನು. ಆಕೆ ಜಾಗ ಬಿಟ್ಟಿದ್ದಳು.