ಎಸ್ಪೊಸಿಟೊ ಮನೆತನದ ವಿಚಾರಣೆ

ಇಂಗ್ಲೆಂಡಿನ ಎಜ್‌ಬಾಸ್ಟನ್ನಿನ ಆಸ್ಪತ್ರೆ ಕ್ಯಾಂಟೀನು. ಅಣ್ಣನ ಮಗಳು ಡಾಕ್ಟರ್ ಸವಿತಾ ಒಪ್ಪಿರುವ ಇಟಲಿಯ ಹುಡುಗ ಎಸ್ಪೊಸಿಟೊನ ಮನೆತನ ವಿಚಾರಿಸಲು ಹುಬ್ಬಳ್ಳಿಯಿಂದ ಬಂದಿದ್ದೇನೆ. ಅಡ್ಡಹೆಸರು ಹಿಡಿದು ಹೊರಟರೆ ಮೂರು ತಲೆಮಾರು ಕೈಗೆ ಸಿಗುತ್ತದೆಂಬುದು ನನ್ನ ಅನುಭವ. ಕನ್ನಡ ಬಾರದ ಹುಡುಗ ನಮ್ಮೆದುರಿಗೇ ಕೂತು ಕಾಫಿ ಕುಡಿಯುತ್ತಿದ್ದಾನೆ.

“ಎಸ್ಪೊಸಿಟೊ ಅಂದ್ರೇನವ್ವಾ?”

“ಹೊರಗಿಟ್ಟಿದ್ದು ಅಂತ, ಕಾಕಾ. ಹಿಂದಕ ಚರ್ಚಿನ ಬಾಗಿಲಾಗ ಬಿಟ್ಟುಹೋದ ಕೂಸುಗಳಿಗೆ ಇಡ್ತಿದ್ದ ಹೆಸರು. ಇವರ ಊರು ನೇಪಲ್ಸಿನಾಗ ಓಣಿಗೊಬ್ಬ ಎಸ್ಪೊಸಿಟೊ ಇದ್ದಾನ.”

“ಯಾರ ಕೂಸು ಅಂತ ಎಲ್ಲೂ ಬರದಿಟ್ಟಿಲ್ಲೇನು?”

“ಗೊತ್ತಿದ್ರ ಆ ಹೆಸರ್ಯಾಕ ಇಡ್ತಿದ್ರು?”

ತಲೆ ಕೆಟ್ಟುಹೋಯಿತು. ಸಂಬಂಧ ನೋಡಹೋಗುವವರಿಗೆ ಹೇಳುತ್ತೇನೆ: ಇಟಲಿಯವರ ಹೆಸರಿನ ಅರ್ಥ ಕೇಳಬೇಡಿ, ಕಾಫಿ ಕುಡಿದ ಕಪ್ಪನ್ನು ಹುಡುಗ ತಾನೇ ಎತ್ತುತ್ತಾನೆಯೇ ನೋಡಿ. ಇವನು ನನ್ನದನ್ನೂ ಎತ್ತಿದ.

ಅಷ್ಟರಲ್ಲಿ ಅಣ್ಣನ ಫೋನು. “ಮನೆತನ ಹೆಂಗೈತಪಾ?”

ಸವಿತಾ ನನ್ನನ್ನೇ ನೋಡಿದಳು.

“ಭಾಳ ದೊಡ್ಡದಣ್ಣಾ,” ಎಂದೆ. “ಊರ ತುಂಬ ಅವರ ಮಂದೀನ ಅದಾರ.”