ಉಳವಿ ಬಸ್ಸು ನನಗಾಗಿ ನಿಲ್ಲುತ್ತಿತ್ತು

ಸೊರಬಕ್ಕೆ ಬಂದ ಮೊದಲ ವಾರ, ಬೆಳಿಗ್ಗೆ ಉಳವಿ ರಸ್ತೆಯಲ್ಲಿ ಓಡುತ್ತಿದ್ದೆ. ಹಿಂದಿನಿಂದ ಬಂದ ಬಸ್ಸು ನನ್ನನ್ನು ದಾಟಿ ಗಕ್ಕನೆ ನಿಂತಿತು. "ಹತ್ತಿ ಹತ್ತಿ, ನಿಮ್ಗೋಸ್ಕರನೇ ನಿಲ್ಸಿದ್ದು!" ಎಂದು ಕಂಡಕ್ಟರ್ ಕೂಗಿದ. ನಾನು ಬಸ್ಸು ತಪ್ಪಿಸಿಕೊಂಡವಳಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಒಬ್ಬ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, "ಎಂತ, ಸುಮ್ನೆ ಓಡೋದಾ? ಮನೇಲಿ ಯಾರಿಗೂ ಎಂತದೂ ಆಗ್ಲಿಲ್ವಲ್ಲ?" ಎಂದು ಗಾಬರಿಯಿಂದ ಕೇಳಿದರು.

ನಮ್ಮ ವಿಜಯಪುರದಲ್ಲಿ ಹೆಣ್ಣುಮಗಳು ರಸ್ತೆಯಲ್ಲಿ ಓಡಿದರೆ ನಗುತ್ತಾರೆ. ಇಲ್ಲಿ ಬಸ್ಸು ನಿಲ್ಲಿಸುತ್ತಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಬಂದ ನನಗೆ ಮೊದಮೊದಲು ಯಾವುದೂ ಒಗ್ಗಲಿಲ್ಲ. ರೊಟ್ಟಿ ಎಂದರೆ ಅಕ್ಕಿ ರೊಟ್ಟಿ ತಂದಿಡುತ್ತಿದ್ದರು. ಜೋಳದ ಹಿಟ್ಟಿಗೆ ಶಿಕಾರಿಪುರಕ್ಕೆ ಹೋಗುತ್ತಿದ್ದೆ, ಅಲ್ಲಿನ ಅಂಗಡಿಯವರು "ಏನ್ ಬೇಕ್ರೀ?" ಎಂದರೆ ನಮ್ಮೂರಿನ ಅರ್ಧ ದಾರಿ ಹೋಗಿ ಬಂದಷ್ಟು ಸಮಾಧಾನ. ನಾವು 'ಏನು' ಎನ್ನುವಲ್ಲಿ ಸೊರಬದವರು 'ಎಂತ' ಎನ್ನುತ್ತಾರೆ. ಸಂಜೆ ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡರೆ ಮಾತಿಗೆ ಒಂದು ನರಪಿಳ್ಳೆ ಇಲ್ಲ. ಅದಕ್ಕೇ ಓಡತೊಡಗಿದ್ದು. ಮ್ಯಾರಥಾನಿನ ಹುಚ್ಚು ಹತ್ತಿದ್ದು ಆಮೇಲೆ.

ಬಸ್ಸಿನವರಿಗೆ ತಿಳಿಹೇಳಲು ಬಹಳ ದಿನ ಹಿಡಿಯಿತು. ಹಾರ್ನ್ ಕೇಳಿದೊಡನೆ ಕೈ ಎತ್ತಿ ಬೀಸುತ್ತಿದ್ದೆ: ನಡೀರಿ, ನಾ ಬರೂದಿಲ್ಲ. ಕೊನೆಗೆ ಡ್ರೈವರ್ ಪ್ರಕಾಶಣ್ಣನೂ ಕೈ ಬೀಸಿ, ನಿಲ್ಲಿಸದೆ ಹೋಗುವುದನ್ನು ಕಲಿತರು. ಈ ಊರಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಗಂಗಕ್ಕ ಮಾತ್ರ ಬಗ್ಗಲಿಲ್ಲ. ಉಳವಿಗೆ ಸ್ವಲ್ಪ ಮೊದಲು, ರಸ್ತೆಗೇ ತಾಗಿದ ಮನೆ ಅವರದು. ಗದ್ದೆಗೆ ಹೊರಡುವ ಮುಂಚೆ ಜಗಲಿಯಲ್ಲಿ ಕೂತು ಕವಳ, ಅಂದರೆ ನಮ್ಮ ಎಲಿ-ಅಡಕಿ, ಹಾಕುತ್ತಿದ್ದರು. "ಬಾರೇ ಮಾರಾಯ್ತಿ, ಆಸ್ರಿಗೆ ಕುಡ್ಕಂಡು ಹೋಗು!" ದಣಿದು ಬಂದವರಿಗೆ ಕೊಡುವ ಪಾನಕ, ಮಜ್ಜಿಗೆಗೆ ಇಲ್ಲಿ ಆಸರಿಗೆ ಎಂದು ಹೆಸರು. "ಮ್ಯಾರಥಾನ್ ಮುಗೀಲಿ ಅಕ್ಕಾರ, ಆಮ್ಯಾಲೆ ಬರ್ತೀನಿ," ಎಂದು ಓಡುತ್ತಲೇ ಕೂಗುತ್ತಿದ್ದೆ. ನಿಂತರೆ ಓಟ ಕೆಡುತ್ತದೆಂಬ ಹಟ ನನಗೆ.

ಮಂಗಳೂರಿನಲ್ಲಿ ನಲವತ್ತೆರಡು ಕಿಲೋಮೀಟರ್ ಓಡಿ ಮುಗಿಸಿದೆ. ಕೊರಳಿಗೆ ಪದಕ ಬಿದ್ದಾಗ ಅತ್ತುಬಿಟ್ಟೆ. ಕೊನೆಗೊನೆಗೆ ಮಂಡಿ ಚುಚ್ಚುತ್ತಿದ್ದರೂ ನಿಂತಿರಲಿಲ್ಲ; ಮರುದಿನ ಮೆಟ್ಟಿಲು ಇಳಿಯಲಾಗಲಿಲ್ಲ. ವಾರವಿಡೀ ಎಣ್ಣೆ ತಿಕ್ಕಿದರೂ ನೋವು ಹೋಗದೆ ಶಿಕಾರಿಪುರದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. "ಮೂರ್ ತಿಂಗ್ಳು ಓಡೂದು ಬಂದ್ ನೋಡ್ರೀ. ನಿಧಾನಕ್ಕೆ ನಡೀರಿ, ಸಾಕು," ಎಂದರು. ಅದೇ ವಾರ ವಿಜಯಪುರಕ್ಕೆ ವರ್ಗಾವಣೆಯ ಆದೇಶ ಬಂತು. ವರ್ಷಗಟ್ಟಲೆ ಕೈಮುಗಿದು ಕೇಳಿದ್ದ ಆದೇಶ! ಅವ್ವ ಫೋನಿನಲ್ಲಿ ಕುಣಿದಾಡಿದಳು. ನನಗೆ ಕುಣಿಯುವ ಮನಸ್ಸಾಗಲಿಲ್ಲ. ಆ ರಸ್ತೆಯಲ್ಲಿ ಇನ್ನೊಮ್ಮೆ ಓಡದೆಯೇ ಹೊರಡಬೇಕಿತ್ತು.

ಹೊರಡುವ ಹಿಂದಿನ ದಿನ ಆಟೋ ಮಾಡಿಕೊಂಡು ಗಂಗಕ್ಕನ ಮನೆಗೆ ಹೋದೆ. "ಅಂತೂ ಪುರುಸೊತ್ತಾಯ್ತಲ್ಲ ನಿಂಗೆ!" ಎಂದು ಬೆಲ್ಲದ ಪಾನಕ ತಂದುಕೊಟ್ಟರು. "ಅಷ್ಟು ಓಡಿ ಎಲ್ಲಿಗೆ ಹೋಗಿ ಮುಟ್ಟಿದ್ಯೇ?"

"ಎಲ್ಲಿಂದ ಹೊಂಟಿದ್ವಿ, ಅಲ್ಲಿಗೇ ಬಂದ್ವಿ ಅಕ್ಕಾರ."

"ಅಯ್ಯೋ ನಿನ್ನ! ಅಷ್ಟಕ್ಕೆ ಇಲ್ಲೇ ಕೂತ್ಕಬಹುದಿತ್ತಲ್ಲೇ!" ನಕ್ಕು ನಕ್ಕು ಅವರಿಗೆ ಕವಳ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದರು: "ಬೆಳಿಗ್ಗೆ ಮಾತಾಡಕ್ಕೆ ಜನ ಇಲ್ಲ ನಂಗೆ. ಅದ್ಕೇ ಕರೀತಿದ್ದೆ."

ಪಾನಕದ ಲೋಟ ಕೆಳಗಿಟ್ಟೆ. ಮಾತಿಗೆ ಜನ ಇಲ್ಲವೆಂದು ಓಡಲು ಹೊರಟವಳು ನಾನು. ದಿನಾ ಇವರ ಮುಂದೆಯೇ ಹಾದುಹೋದೆನಲ್ಲ ಎಂದು ಬಹಳ ಸಂಕಟವಾಯಿತು. "ಇನ್ನೊಂದು ಮ್ಯಾರಥಾನ್ ಬ್ಯಾಡ ಅಕ್ಕಾರ. ಮುಂದಿನ ವರ್ಷ ರಜಾ ಹಾಕಿ ಬರ್ತೀನಿ, ಸೊರಬದಿಂದ ಓಡಿ ಬಂದು ಇಲ್ಲೇ ನಿಲ್ತೀನಿ," ಎಂದೆ. "ಓಡ್ಕಂಡಾದ್ರೂ ಬಾ, ಬಸ್ಸಲ್ಲಾದ್ರೂ ಬಾ," ಎಂದರು.

ಬಂದ ಆಟೋ ಆಗಲೇ ಹೋಗಿತ್ತು; ಸೊರಬಕ್ಕೆ ಬಸ್ಸು ಹಿಡಿಯಲು ರಸ್ತೆಗಿಳಿದು ನಿಂತೆ. ಉಳವಿ ಕಡೆಯಿಂದ ಬಸ್ಸು ಬಂತು, ಕೈ ಎತ್ತಿದೆ. ಪ್ರಕಾಶಣ್ಣ ಬಾಯ್ತುಂಬ ನಕ್ಕು, ಹಾರ್ನ್ ಹೊಡೆದು, ನನಗಿಂತ ಜೋರಾಗಿ ಕೈ ಬೀಸಿ ಹೋಗಿಯೇಬಿಟ್ಟರು. ನಾನೇ ಕಲಿಸಿದ್ದು. "ನಿಲ್ಸ್ರೀ, ಇವತ್ತು ಬರ್ತೀನಿ!" ಎಂದು ಕೂಗಿದೆ. ಬೆನ್ನಟ್ಟಿ ಓಡಲು ಮಂಡಿನೋವು ಬಿಡಲಿಲ್ಲ.

"ಇನ್ನೆಂತ ಮಾಡೋದು ಅಕ್ಕಾರ?" ಎಂದೆ. ಅವರ 'ಎಂತ' ನನ್ನ ಬಾಯಿಗೂ ಬಂದಿತ್ತು. ಈಗ ವಿಜಯಪುರದಲ್ಲಿ ಅದನ್ನು ಕೇಳಿ ಅವ್ವ ನಗುತ್ತಾಳೆ.

"ಹೋಗ್ಲಿ ಬಿಡು ಮಾರಾಯ್ತಿ. ಬಾ, ಕೂತ್ಕ," ಎಂದರು ಗಂಗಕ್ಕ.

ಜಗಲಿ ಹತ್ತಿ ಕೂತೆ. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು.